ಅಜ್ಜಿಯನ್ನು ಕೂರಿಸಿದ ಜಾಗ

ರಾಜಾಜಿನಗರ ನಾಲ್ಕನೇ ಬ್ಲಾಕ್, ಬೆಂಗಳೂರು
14-6-1976

ಚನ್ನೂ,

ಆಶೀರ್ವಾದ ಕೊನೆಗೆ ಮಾಡ್ತೀನಿ, ಮೊದಲು ಬೈಗುಳ ತಗೋ.

ಮದ್ರಾಸಿನಿಂದ ನೀನು ಕಳಿಸಿದ ಚಿತ್ರಕಥೆ ಶುಕ್ರವಾರ ಕೈಗೆ ಬಂತು. ಸ್ಕೂಲಿನಿಂದ ಬಂದವಳು ಕಾಫಿ ಕೂಡ ಕುಡೀದೆ ಓದೋಕೆ ಕೂತೆ. ನಿಮ್ಮ ಭಾವ ಬಂದು "ಅಡುಗೆ?" ಅಂದ್ರು. "ಅವಲಕ್ಕಿ ಇದೆ" ಅಂದೆ. ನಾನು ಬರೆದ 'ಹುತ್ತದೂರಿನ ಅಜ್ಜಿ' ಸಿನಿಮಾ ಆಗ್ತಾ ಇದೆ, ಅದನ್ನು ಬರೀತಾ ಇರೋನು ನನ್ನ ಸ್ವಂತ ತಮ್ಮ ಅಂತ ಸ್ಟಾಫ್ ರೂಮಿನಲ್ಲಿ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ ಗೊತ್ತಾ? ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ?

ನನ್ನ ಕಥೆಯ ಹುಡುಗಿ ಚಿಗರಿಗೆ ಹತ್ತು ವರ್ಷ. ನಿನ್ನ ಚಿಗರಿಗೆ ಹದಿನೆಂಟು, ಜೊತೆಗೆ ಮರ ಸುತ್ತೋಕೆ ಒಬ್ಬ ರಾಜಕುಮಾರ! ಹುತ್ತದೂರಿನಲ್ಲಿ ರಾಜನೇ ಇಲ್ಲ ಕಣೋ, ರಾಜಕುಮಾರ ಎಲ್ಲಿಂದ ಉದುರಿದ? ಜನರ ಮಾತು ಕದಿಯೋ ಸುಂಟರಗಾಳಿ ಮಾಂತ್ರಿಕನಿಗೆ ಕುಣಿತ ನೋಡೋ ಚಪಲ ಯಾವಾಗ ಬಂತು? ಇರಲಿ, ಸಿನಿಮಾದವರ ಕಷ್ಟ ಸಿನಿಮಾದವರಿಗೆ ಅಂತ ಇಷ್ಟನ್ನೂ ನುಂಗಿಕೊಂಡೆ.

ಹದಿನೇಳನೇ ಸೀನು ಮಾತ್ರ ಗಂಟಲಲ್ಲಿ ಇಳೀತಾ ಇಲ್ಲ. ಪುಸ್ತಕದಲ್ಲಿ ಅಜ್ಜಿ ಸತ್ತಾಗ ಊರಬಾಗಿಲ ಹತ್ತಿರ ಗುಂಡಿ ತೋಡಿ, ನಮ್ಮವರಲ್ಲಿ ಮಾಡೋ ಹಾಗೇ, ಕೂರಿಸಿ ಮಣ್ಣು ಮಾಡ್ತಾರೆ. ಎಡಗೈಯಲ್ಲಿ ಒಂದು ಹಣತೆ ಇಡ್ತಾರೆ. ಅಲ್ಲಿಂದ ಮುಂದೆ ಆ ನೆಲಕ್ಕೆ ಕಿವಿ ಇಟ್ಟವರಿಗೆಲ್ಲ ಅಜ್ಜಿ ಮಾತು ಕೇಳುತ್ತೆ. ಕೊನೆಗೆ ಮಾಂತ್ರಿಕ ಊರಬಾಗಿಲು ಕೀಳೋಕೆ ಬಂದಾಗ ಅವಳು ನೆಲದೊಳಗೇ ಎದ್ದು ನಿಲ್ತಾಳೆ. ಕೂತಿದ್ದಳು, ಅದಕ್ಕೇ ಎದ್ದಳು. ನೀನು ಅವಳನ್ನ ಚಿತೆ ಮೇಲೆ ಮಲಗಿಸಿ ಸುಟ್ಟಿದೀಯ! ಆಮೇಲೆ ಬಿಳೀ ಸೀರೆ ಉಡಿಸಿ ಮೋಡದಲ್ಲಿ ನಿಲ್ಲಿಸಿದೀಯ. ಅದು ನನ್ನ ಅಜ್ಜಿ ಅಲ್ಲ, ಯಾವುದೋ ಕ್ಯಾಲೆಂಡರಿನ ಬೊಂಬೆ.

ಆ ಸೀನು ಬದಲಾಯಿಸು. ಉಳಿದದ್ದು ನಿನ್ನಿಷ್ಟ. ಈಗ ಆಶೀರ್ವಾದ.

ನಿನ್ನ ಅಕ್ಕ,
ಕಮಲಾಕ್ಷಿ

*

ಮದ್ರಾಸ್
23-6-1976

ಅಕ್ಕಾ,

ಬೈಗುಳ ತಲುಪಿತು, ಹೊಟ್ಟೆ ತುಂಬ ಉಂಡೆ. ನಿನ್ನ ಕೈಯ ಅವಲಕ್ಕಿಗಿಂತ ಖಾರ ಇತ್ತು.

ರಾಜಕುಮಾರನಿಲ್ಲದೆ ಹಂಚಿಕೆದಾರರು ಪಿಕ್ಚರ್ ಮುಟ್ಟಲ್ಲ, ಅದು ನಿನಗೂ ಗೊತ್ತು. ಬೆಂಕಿ ವಿಷಯ ಪ್ರೊಡ್ಯೂಸರ್ ಕೃಷ್ಣಯ್ಯನವರದ್ದು. ಕಲರ್ ಪಿಕ್ಚರ್ ಅಕ್ಕಾ. ಚಿತೆ ಉರಿದರೆ ಪರದೆ ತುಂಬ ಕೆಂಪು, ಹಳದಿ. ಗುಂಡಿ ತೋಡಿದರೆ ಏನಿದೆ? ಬರೀ ಮಣ್ಣು. ನಾನು ಎಷ್ಟೋ ವಾದ ಮಾಡಿದೆ, ಅವರು ಕೇಳಲಿಲ್ಲ. ನಾನು ಬರೆಯೋನು ಅಷ್ಟೇ, ಅನ್ನ ಹಾಕೋರ ಮುಂದೆ ಎಷ್ಟು ಅಂತ ಹಾರಾಡಲಿ?

ಇದರ ಜೊತೆ ಒಂದು ಒಪ್ಪಿಗೆ ಪತ್ರ ಇಟ್ಟಿದೀನಿ. ಕಾದಂಬರಿ ಬರೆದವರು ಬದಲಾವಣೆಗಳಿಗೆ ಒಪ್ಪಿದ್ದಾರೆ ಅಂತ ನಿನ್ನ ಸಹಿ ಬೇಕು. ಅದಿಲ್ಲದೆ ಕೃಷ್ಣಯ್ಯನವರು ಮುಂದಿನ ಷೆಡ್ಯೂಲ್ ಹಾಕಲ್ಲ. ಹದಿನಾಲ್ಕು ವರ್ಷದಿಂದ ಬೇರೆಯವರ ಹೆಸರಿನ ಕೆಳಗೆ ದುಡೀತಾ ಇದೀನಿ. ಇದೇ ಮೊದಲನೇ ಸಲ ಪರದೆ ಮೇಲೆ 'ಚಿತ್ರಕಥೆ, ಸಂಭಾಷಣೆ: ಚನ್ನವೀರ' ಅಂತ ಬರೋದು. ಅದೂ ನಿನ್ನ ಹೆಸರಿನ ಕೆಳಗೆ. ದಯವಿಟ್ಟು ಸಹಿ ಹಾಕು.

ಭಾವನಿಗೆ ನಮಸ್ಕಾರ. ಪುಟ್ಟಿ ಸತ್ಯವತಿಗೆ ಮುತ್ತು.

ಚನ್ನವೀರ

*

ರಾಜಾಜಿನಗರ
2-7-1976

ಚನ್ನೂ,

ಸಹಿ ಹಾಕಿಲ್ಲ. ಕಾಗದ ದೇವರ ಗೂಡಿನಲ್ಲಿ ಅವ್ವನ ಡಬ್ಬಿ ಕೆಳಗೆ ಇಟ್ಟಿದೀನಿ.

ಯಾವ ಡಬ್ಬಿ ಅಂತ ಮರೆತಿಲ್ಲ ತಾನೇ? ಏಳು ವರ್ಷದ ಹಿಂದೆ ನೀನೇ ಕಳಿಸಿದ್ದು. ಕಣ್ಣಿನ ಆಪರೇಷನ್ನಿಗೆ ಅಂತ ಅವ್ವ ನಿನ್ನ ಹತ್ತಿರ ಬಂದಳು. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಲ್ಲ ಅಂತ ಯಾರೋ ದೊಡ್ಡ ಮನುಷ್ಯರ ಜೊತೆ ಜಗಳ ಆಡಿದಳು. "ಪೊರೆ ಬಂದ ಕಣ್ಣಿಗೆ ಕಿಟಕಿ ಯಾಕಜ್ಜಿ?" ಅಂದರಂತೆ ಅವರು. "ಗಾಳಿಗೂ ಪೊರೆ ಬಂದಿದೆಯಾ?" ಅಂದಳಂತೆ. ಅದೇ ಕೊನೆ, ಮತ್ತೆ ಬರಲಿಲ್ಲ. ಅವ್ವ ಹೋದಳು ಅಂತ ನೀನು ತಂತಿ ಕೊಟ್ಟಾಗ ನನಗೆ ಹೆರಿಗೆ ಆಗಿ ಒಂಬತ್ತು ದಿನ. ಮಳೆಗೆ ರೈಲು ನಿಂತಿತ್ತು. ಹಸೀ ಬಾಣಂತಿ, ಬಾಗಿಲು ದಾಟೋಕೆ ಯಾರೂ ಬಿಡಲಿಲ್ಲ.

ಹದಿನೈದು ದಿನ ಆದ ಮೇಲೆ ನಿನ್ನ ಕಾಗದ, ಜೊತೆಗೆ ಡಬ್ಬಿಯಲ್ಲಿ ಆ ಮಣ್ಣು. "ಅಕ್ಕಾ, ಅಯ್ಯನವರೊಬ್ಬರು ಸಿಕ್ಕಿದರು. ಅವ್ವನ್ನ ಪೂರ್ವಕ್ಕೆ ಮುಖ ಮಾಡಿ ಕೂರಿಸಿದ್ವಿ, ಇಷ್ಟಲಿಂಗ ಎಡಗೈಯಲ್ಲಿ ಇಟ್ವಿ, ಇದು ಆ ಜಾಗದ ಮಣ್ಣು" ಅಂತ ಬರೆದಿದ್ದೆ. ಅವತ್ತಿಂದ ಇವತ್ತಿನವರೆಗೆ ಪ್ರತಿ ಸೋಮವಾರ ಆ ಡಬ್ಬಿಗೆ ಹೂವು ಏರಿಸ್ತೀನಿ. ಮಗು ಪಕ್ಕದಲ್ಲಿ ಮಲಗಿಕೊಂಡು ಬಾಣಂತಿ ಕೋಣೆಯಲ್ಲಿ ಹಾಗೇ ಯೋಚನೆ ಮಾಡ್ತಾ ಇದ್ದೆ. ಅವ್ವ ಅಲ್ಲಿ ಕೂತಿದಾಳೆ, ಮಳೆ ಸದ್ದು ಕೇಳ್ತಾ ಇದಾಳೆ, ನಾನು ಇಲ್ಲಿಂದ ಮಾತಾಡಿದರೂ ಕೇಳಿಸುತ್ತೆ. ಹುತ್ತದೂರು ಹುಟ್ಟಿದ್ದು ಹಾಗೆ. ಇದನ್ನ ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳೋದು ಬೇಕಾಗಿಲ್ಲ ಅಂದುಕೊಂಡಿದ್ದೆ.

ಸೊಪ್ಪು ಮಾರೋ ಮುನಿತಾಯಮ್ಮ ಗೊತ್ತಲ್ಲ, ಓದೋಕೆ ಬರಲ್ಲ ಆಯಮ್ಮನಿಗೆ. ಪುಸ್ತಕ ಪೂರ್ತಿ ನಮ್ಮ ಮೆಟ್ಟಿಲ ಮೇಲೆ ಕೂತು ನನ್ನ ಬಾಯಲ್ಲೇ ಕೇಳಿದ್ದು. ನಿನ್ನ ಹದಿನೇಳನೇ ಸೀನು ಹೇಳಿದೆ. ಮೆಂತ್ಯದ ಕಟ್ಟು ಕೆಳಗಿಟ್ಟು, "ಸುಟ್ಟ ಮ್ಯಾಕೆ ಬೂದಿ ಮಾತಾಡ್ತದೇನವ್ವಾ? ನಿನ್ ತಮ್ಮಂಗೆ ಅಷ್ಟೂ ಗ್ಯಾನ ಬ್ಯಾಡ್ವಾ?" ಅಂದಳು. ನಿನ್ನ ಕೃಷ್ಣಯ್ಯನವರಿಗೆ ಇದನ್ನ ಓದಿ ಹೇಳು.

ಅಕ್ಕ

*

ಮದ್ರಾಸ್
19-7-1976

ಅಕ್ಕಾ,

ಎರಡು ವಾರ ಬರೀಲಿಲ್ಲ. ಕೋಪ ಇಳಿಯಲಿ ಅಂತ ಕಾದೆ. ಇಳಿದಿಲ್ಲ, ಆದರೂ ಬರೀತಿದೀನಿ.

ನೀನು ಬರೆದದ್ದು ಮಕ್ಕಳ ಕಥೆ. ವಚನ ಅಲ್ಲ, ಶಾಸನ ಅಲ್ಲ. ಒಂದು ಅಕ್ಷರ ಅಲ್ಲಾಡಿಸಬಾರದು ಅಂದರೆ ಸಿನಿಮಾಕ್ಕೆ ಯಾಕೆ ಕೊಟ್ಟೆ? ಹೆಣ ಕೂರಿಸೋದನ್ನ ಥಿಯೇಟರಿನಲ್ಲಿ ತೋರಿಸಿದರೆ ಅರ್ಧ ಜನಕ್ಕೆ ಅರ್ಥ ಆಗಲ್ಲ, ಇನ್ನರ್ಧ ಜನ ನಗ್ತಾರೆ. ಸೊಪ್ಪಿನವಳ ಮಾತು ಕೇಳಿಕೊಂಡು ಸೀನ್ ಬರೆಯೋಕೆ ಆಗುತ್ತಾ? ಪ್ರತಿಯೊಂದಕ್ಕೂ ಅವ್ವನ್ನ ಯಾಕೆ ಎಳೀತೀಯ? ಅಜ್ಜಿ ಬೇರೆ, ಅವ್ವ ಬೇರೆ. ಸತ್ತೋರು ಸತ್ತರು. ಕೂರಿಸಿದರೂ ಅಷ್ಟೇ, ಮಲಗಿಸಿದರೂ ಅಷ್ಟೇ.

ಆಗಸ್ಟ್ ಕೊನೆಯೊಳಗೆ ಸಹಿ ಬರದಿದ್ದರೆ ಕೃಷ್ಣಯ್ಯನವರು ಬೇರೆ ಕಥೆ ಕೈಗೆತ್ತಿಕೊಳ್ತಾರೆ, ಬೇರೆ ರೈಟರ್ ಜೊತೆ. ಆಮೇಲೆ ನಿನ್ನ ಅಜ್ಜಿ ಗೂಡಿನಲ್ಲಿ ಸುಖವಾಗಿ ಕೂತಿರಲಿ.

ಚನ್ನವೀರ

*

ರಾಜಾಜಿನಗರ
30-7-1976

ಚನ್ನವೀರ,

ನಿನ್ನ ಕಾಗದ ನಿಮ್ಮ ಭಾವನೂ ಓದಿದರು. ಓದಿ, ಮಡಿಚಿ, ಪೇಪರ್ ಹಿಡಕೊಂಡು ಕೂತರು.

ಕೂರಿಸಿದರೂ ಅಷ್ಟೇ, ಮಲಗಿಸಿದರೂ ಅಷ್ಟೇ ಅಂದೆಯಲ್ಲ, ಇದು ನೀನು ಆಡೋ ಮಾತಾ? ಅಪ್ಪನ್ನ ಕೂರಿಸುವಾಗ ಹನ್ನೊಂದು ವರ್ಷದ ನೀನು ಗುಂಡಿಯೊಳಗೆ ಇಳಿದು, ಅಪ್ಪನ ಬೆನ್ನು ಗೋಡೆಗೆ ಸರಿಯಾಗಿ ಒರಗಿದೆಯಾ ಅಂತ ಕೈಯಿಟ್ಟು ನೋಡಿ ಮೇಲೆ ಬಂದಿದ್ದೆ. "ಅಪ್ಪನಿಗೆ ಆರಾಮ ಐತೆ ಅವ್ವಾ" ಅಂದಿದ್ದೆ. ಊರಿಗೆ ಊರೇ ಅತ್ತಿತ್ತು. ಆ ಹುಡುಗ ಎಲ್ಲಿ ಹೋದ?

ಸಹಿ ಇಲ್ಲ. ಆಗಸ್ಟ್ ಅಲ್ಲ, ಮುಂದಿನ ಆಗಸ್ಟಿಗೂ ಇಲ್ಲ.

ಇನ್ನೊಂದು ವಿಷಯ. ಈ ಏಳು ವರ್ಷದಲ್ಲಿ ಮೂರು ಸಲ ಮದ್ರಾಸಿಗೆ ಬಂದೆ. ಒಂದು ಸಲ ಅಲ್ಲಿ ನೀರು ನಿಂತಿದೆ ಅಂದೆ. ಒಂದು ಸಲ ನಿನಗೆ ಶೂಟಿಂಗ್. ಇನ್ನೊಂದು ಸಲ ಕಾವಲಿನವನು ಊರಲ್ಲಿಲ್ಲ, ಗೇಟಿಗೆ ಬೀಗ ಅಂದೆ. ಅವ್ವನ ಜಾಗ ನಾನು ಇವತ್ತಿನವರೆಗೂ ನೋಡಿಲ್ಲ. ದೀಪಾವಳಿ ರಜಕ್ಕೆ ಬರ್ತಾ ಇದೀನಿ. ನಿನ್ನ ಪಿಕ್ಚರ್ ಮನೆ ಹಾಳಾಗಲಿ, ನನ್ನನ್ನ ಅಲ್ಲಿಗೆ ಕರಕೊಂಡು ಹೋಗು.

ಕಮಲಾಕ್ಷಿ

*

ಮದ್ರಾಸ್
11-8-1976

ಅಕ್ಕಾ,

ದೀಪಾವಳಿಗೆ ಬರಬೇಡ. ಔಟ್‌ಡೋರ್ ಇದೆ, ನಾನು ಊರಲ್ಲಿರಲ್ಲ. ಜಾಗದ ಸುತ್ತ ಏನೇನೋ ಕಟ್ಟಡ ಕಟ್ತಾ ಇದಾರೆ, ಗುರುತೇ ಸಿಗಲ್ಲ. ಸುಮ್ಮನೆ ತ್ರಾಸ ತಗೋಬೇಡ.

ಚನ್ನೂ

*

ಮದ್ರಾಸ್
6-9-1976

ಶ್ರೀಮತಿ ಕಮಲಾಕ್ಷಮ್ಮನವರಿಗೆ ಕೃಷ್ಣಯ್ಯ ಮಾಡುವ ವಂದನೆಗಳು.

ನಿಮ್ಮ ಕಾದಂಬರಿಯನ್ನು ಚಿತ್ರ ಮಾಡಲು ಹೊರಟಿರುವ ನಿರ್ಮಾಪಕ ನಾನು. ನಿಮಗೂ ನನಗೂ ನೇರ ಪರಿಚಯವಿಲ್ಲ. ತಮ್ಮನವರ ಮೂಲಕವೇ ಎಲ್ಲ ನಡೆದಿದ್ದರಿಂದ ಇಲ್ಲಿಯವರೆಗೆ ಬರೆಯಲಿಲ್ಲ. ಈಗ ಬರೆಯದೆ ವಿಧಿಯಿಲ್ಲ.

ಬೆಂಕಿಯ ಸೀನು ನನ್ನ ಹಠ ಎಂದು ನೀವು ತಿಳಿದಿದ್ದೀರೆಂದು ಚನ್ನವೀರಪ್ಪನವರ ಮೇಜಿನ ಮೇಲಿದ್ದ ನಿಮ್ಮ ಕಾಗದ ಕಣ್ಣಿಗೆ ಬಿದ್ದಾಗ ಗೊತ್ತಾಯಿತು. ಓದಿದ್ದು ತಪ್ಪು, ಕ್ಷಮಿಸಬೇಕು. ಆದರೆ ತಾಯಿ, ನಾನು ಈ ಕಥೆ ಹಿಡಿದದ್ದೇ ಅಜ್ಜಿಯನ್ನು ಕೂರಿಸುವ ಆ ಸೀನಿಗಾಗಿ. ನನ್ನ ಮೊಮ್ಮಕ್ಕಳು ಅದನ್ನು ಓದಿ ಮೂರು ದಿನ ನೆಲಕ್ಕೆ ಕಿವಿ ಕೊಟ್ಟು ಮಲಗಿದ್ದರು.

ಏಪ್ರಿಲ್‌ನಲ್ಲೇ ಸ್ಟುಡಿಯೋದಲ್ಲಿ ಗುಂಡಿ ತೋಡಿಸಿ ಸೆಟ್ ಹಾಕಿಸಿದ್ದೆ. ಅಜ್ಜಿಯ ಪಾತ್ರಕ್ಕೆ ನಾಟಕ ಕಂಪನಿಯ ಹಳೆಯ ನಟಿ ರಾಮಕ್ಕ ಬಂದಿದ್ದರು. ಅವರನ್ನು ಕೂರಿಸಿ ಲೈಟು ಸರಿ ಮಾಡುತ್ತಿದ್ದಾಗ ಚನ್ನವೀರಪ್ಪನವರು ಎದ್ದು ಹೊರಗೆ ಹೋದರು. ಹೋಗಿ ನೋಡಿದರೆ ಗೋಡೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರು. ಮರುದಿನ ಚಿತೆಯ ಸೀನು ಬರೆದುಕೊಂಡು ಬಂದು, "ಇದನ್ನು ತೆಗೆಯುವುದಾದರೆ ತೆಗೆಯಿರಿ, ಇಲ್ಲವಾದರೆ ನನ್ನನ್ನು ಬಿಟ್ಟುಬಿಡಿ" ಎಂದರು. ಒಳ್ಳೆಯ ಬರಹಗಾರ, ಬಿಡಲು ಮನಸ್ಸಾಗಲಿಲ್ಲ. ಗುಂಡಿ ಮುಚ್ಚಿಸಿದೆ.

ಕಾರಣ ನನಗೆ ತಿಳಿಯದು. ನಿಮಗೆ ತಿಳಿದಿರಬಹುದು. ನವೆಂಬರ್‌ವರೆಗೆ ಕಾಯುತ್ತೇನೆ.

ವಿಶ್ವಾಸಿ,
ಕೃಷ್ಣಯ್ಯ

*

ರಾಜಾಜಿನಗರ
10-9-1976

ಚನ್ನವೀರ,

ಕೃಷ್ಣಯ್ಯನವರ ಕಾಗದ ಬಂತು. ಬೆಂಕಿ ನಿನ್ನದೇ ಅಂತೆ.

ಒಂದೇ ಮಾತು ಕೇಳ್ತೀನಿ, ತಿರುಗಿಸಿ ಮುರುಗಿಸಿ ಬರೀಬೇಡ. ನನ್ನ ಅವ್ವ ಎಲ್ಲಿದಾಳೆ?

ಕಮಲಾಕ್ಷಿ

*

ಮದ್ರಾಸ್
21-9-1976

ಅಕ್ಕಾ,

ಅವ್ವ ಎಲ್ಲೂ ಇಲ್ಲ. ಸುಟ್ಟುಬಿಟ್ಟೆ.

ಇದಕ್ಕಿಂತ ಮುಂದೆ ಓದೋಕೆ ಆಗದಿದ್ದರೆ ಹರಿದು ಹಾಕು. ಆದರೆ ನಾನು ಬರೀಲೇಬೇಕು.

ಅವ್ವ ಹೋಗಿದ್ದು ಸಂಜೆ ನಾಲ್ಕು ಗಂಟೆಗೆ. ಮಳೆ ಮೂರು ದಿನದಿಂದ ಸುರೀತಾ ಇತ್ತು. ನಾನು ಮನೆ ಓನರಿಗೆ ಹೇಳಿದೆ, ನಮ್ಮಲ್ಲಿ ಕೂರಿಸಿ ಹೂಳ್ತೀವಿ ಅಂತ. ಪಾಪ, ಅವರೇ ನಾಲ್ಕು ಜನರನ್ನ ಕರಕೊಂಡು ಹೋಗಿ ಗುಂಡಿ ತೋಡಿಸಿದರು. ಎರಡಡಿ ತೋಡೋದರೊಳಗೆ ನೀರು ತುಂಬಿಕೊಳ್ತು. ಇನ್ನೊಂದು ಕಡೆ ತೋಡಿದರು, ಅಲ್ಲೂ ನೀರು. "ಒಂದು ದಿನ ಕಾಯಿರಿ ತಂಬಿ, ಎತ್ತರದ ಜಾಗ ಒಂದು ಗೊತ್ತು, ನಾಳೆ ವಿಚಾರಿಸ್ತೀನಿ. ಐಸ್ ತರಿಸೋಣ" ಅಂದರು ಅವರು. ತಮಿಳಿನಲ್ಲಿ ಅವರು ಹೇಳಿದ ಒಂದೊಂದು ಮಾತೂ ನೆನಪಿದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಮೊದಲನೇ ಸೀನು ಇತ್ತು ಅಕ್ಕಾ. ಏಳು ವರ್ಷ ಬೇರೆಯವರ ಫೈಲು ಹೊತ್ತ ಮೇಲೆ ಒಬ್ಬರು ನಿರ್ದೇಶಕರು, "ನಾಳೆ ಡೈಲಾಗ್ ನೀನೇ ಬರೆದುಕೊಂಡು ಬಾ, ಪಕ್ಕದಲ್ಲೇ ನಿಂತು ಹೇಳಿಕೊಡು" ಅಂದಿದ್ದರು. ಹೋಗದೇ ಇದ್ದರೆ ಇನ್ನೊಬ್ಬನನ್ನ ಕರೀತಿದ್ದರು. ನಾನು ಓನರಿಗೆ ಹೇಳಿದೆ, "ಬೇಡ, ಇವತ್ತೇ ಮುಗಿಸೋಣ. ನಿಮ್ಮಲ್ಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ." ಯಾರೂ ಬಲವಂತ ಮಾಡಲಿಲ್ಲ. ನನ್ನ ಬಾಯಿಂದಲೇ ಬಂತು.

ತಗಡಿನ ಸೂರಿನ ಕೆಳಗೆ ಸೌದೆ ಒಣಗಿತ್ತು. ಅವ್ವನ್ನ ಅದರ ಮೇಲೆ ಮಲಗಿಸಿದಾಗ ನನಗೆ ಎಚ್ಚರ ಬಂದ ಹಾಗಾಯಿತು. ಅವಳು ಅಂಗಾತ ಮಲಗಿದ್ದು ನಾನು ಎಂದೂ ನೋಡಿರಲಿಲ್ಲ. ಯಾವಾಗಲೂ ಒಂದು ಮಗ್ಗುಲಿಗೆ, ಮೊಣಕಾಲು ಮಡಿಚಿ ಮಲಗೋಳು. ನಿಲ್ಸಿ ಅನ್ನಬೇಕಿತ್ತು. ಬಾಯಿ ತೆಗೆದೆ. ಮಾತು ಬರಲಿಲ್ಲ. ನಿನ್ನ ಪುಸ್ತಕದಲ್ಲಿ ಮಾಂತ್ರಿಕ ಜನರ ಮಾತು ಕದ್ದುಕೊಂಡು ಹೋಗ್ತಾನಲ್ಲ, ಅದನ್ನ ಓದಿದಾಗೆಲ್ಲ ನನಗೆ ಆ ತಗಡಿನ ಸೂರು ನೆನಪಾಗುತ್ತೆ. ಬೆಳಿಗ್ಗೆ ಏಳಕ್ಕೆ ಸೆಟ್ಟಿನಲ್ಲಿದ್ದೆ. ನನ್ನ ಡೈಲಾಗಿಗೆ ಎಲ್ಲರೂ ನಕ್ಕರು. ಅದು ಹಾಸ್ಯದ ಸೀನು.

ಇಷ್ಟಲಿಂಗ ಕೈಯಲ್ಲಿಟ್ಟೆ ಅಂತ ಬರೆದಿದ್ದು ಸುಳ್ಳು. ಬೆಂಕಿಗೆ ಹೇಗೆ ಹಾಕಲಿ? ಮೊದಲೇ ಅವ್ವನ ಕೊರಳಿಂದ ಬಿಚ್ಚಿಕೊಂಡಿದ್ದೆ. ಅದನ್ನ ಇಡೋ ಬೆಳ್ಳಿ ಕರಡಿಗೆ ಸಮೇತ ನನ್ನ ಪೆಟ್ಟಿಗೆಯಲ್ಲೇ ಇದೆ. ಏಳು ವರ್ಷದಿಂದ ತೆರೆದು ನೋಡಿಲ್ಲ. ಅಯ್ಯನವರು ಸಿಕ್ಕಿದ್ದೂ ಸುಳ್ಳು. ನೀನು ಹಸೀ ಬಾಣಂತಿ, ಹೇಳಿದರೆ ಏನಾಗ್ತೀಯೋ ಅಂತ ಬರೆದೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಅಂದರೆ ನಿನ್ನ ಬಾಯಿಗೆ ಹೆದರಿದೆ.

ಮಣ್ಣು ನಮ್ಮ ವಠಾರದ ಬಾವಿ ಪಕ್ಕದ್ದು. ಅಲ್ಲೊಂದು ಕಲ್ಲು ಇತ್ತು. ಸಂಜೆ ಅವ್ವ ಅದರ ಮೇಲೆ ಕೂತು, ಕಣ್ಣು ಕಾಣದಿದ್ದರೂ ಬೆರಳಲ್ಲೇ ಅಕ್ಕಿಯ ಕಲ್ಲು ಆರಿಸೋಳು. ಆ ಕಲ್ಲಿನ ಬುಡದಿಂದ ತಗೊಂಡೆ.

ಸುಳ್ಳು ಅಲ್ಲಿಗೇ ನಿಲ್ಲುತ್ತೆ ಅಂದುಕೊಂಡಿದ್ದೆ. ನೀನು ಅದರ ಮೇಲೆ ಒಂದು ಊರೇ ಕಟ್ಟಿದೆ. ಮಕ್ಕಳೆಲ್ಲ ಓದಿದರು. ಕೃಷ್ಣಯ್ಯನವರು ಬೇರೆ ಯಾರಿಗಾದರೂ ಬರೆಯೋಕೆ ಕೊಟ್ಟಿದ್ದರೆ ಸುಮ್ಮನಿರ್ತಿದ್ದೆನೋ ಏನೋ. ನನ್ನ ಕೈಗೇ ಬಂತು. ರಾಮಕ್ಕನ್ನ ಗುಂಡಿಯಲ್ಲಿ ಕೂರಿಸಿದಾಗ ಆ ಸುಳ್ಳನ್ನ ಇನ್ನೊಂದು ಸಲ ಬರೆಯೋಕೆ ನನ್ನಿಂದ ಆಗಲಿಲ್ಲ.

ಸಹಿ ಕೇಳಲ್ಲ.

ಚನ್ನೂ

*

ಮದ್ರಾಸ್
28-10-1976

ಅಕ್ಕಾ,

ದೀಪಾವಳಿ ಕಳೀತು. ನೀನು ಬರಲಿಲ್ಲ, ಬರೀಲೂ ಇಲ್ಲ. ಪೋಸ್ಟ್‌ಮ್ಯಾನ್ ನನ್ನ ಮುಖ ನೋಡಿದರೆ ಈಗೀಗ ತಾನಾಗಿಯೇ ತಲೆ ಅಲ್ಲಾಡಿಸಿ ಮುಂದೆ ಹೋಗ್ತಾನೆ. ಬೈದಾದರೂ ಬರಿ. ಅವ್ವನ ಲಿಂಗ ನನ್ನ ಹತ್ತಿರ ಇರಬಾರದು. ರಿಜಿಸ್ಟರ್ಡ್ ಪಾರ್ಸಲ್ ಮಾಡ್ತೀನಿ.

ಚನ್ನೂ

*

ರಾಜಾಜಿನಗರ
15-11-1976

ಚನ್ನವೀರ,

ಪಾರ್ಸಲ್ ಮಾಡಬೇಡ! ಅವ್ವ ಏನು ಹಬ್ಬದ ಸೀರೆಯೇ, ಅಂಚೇಲಿ ಕಳಿಸೋಕೆ? ಮೊಹರು ಹೊಡೀತಾರೆ ಅದರ ಮೇಲೆ.

ಐವತ್ತೈದು ದಿನ ನಾನು ಏನು ಮಾಡಿದೆ ಅಂತ ನಿನಗೆ ಗೊತ್ತಾಗಬೇಕು. ಮೊದಲನೇ ದಿನ ಡಬ್ಬಿ ಎತ್ತಿಕೊಂಡು ಹಿತ್ತಿಲಿಗೆ ಹೋದೆ, ಎಸೆಯೋಕೆ. ಮುಚ್ಚಳ ತೆಗೆದೆ. ಕೈ ಬರಲಿಲ್ಲ. ವಾಪಸ್ ತಂದು ಇಟ್ಟೆ. ಆ ಸೋಮವಾರ ಹೂವು ಏರಿಸಲಿಲ್ಲ. ಕ್ಲಾಸಿನಲ್ಲಿ ಹುಡುಗಿಯರು "ಮಿಸ್, ಅಜ್ಜಿ ಈಗಲೂ ಅಲ್ಲೇ ಕೂತಿದಾಳಾ?" ಅಂತ ಕೇಳಿದರೆ ಗದರಿಸಿ ಕೂರಿಸಿದೆ. ಅವು ಹೆದರಿಕೊಂಡವು. ನಿನ್ನ ಮೇಲೆ ಇದ್ದ ಸಿಟ್ಟನ್ನೆಲ್ಲ ಮನೆಯ ಪಾತ್ರೆ ಮೇಲೆ, ಸತ್ಯವತಿ ಮೇಲೆ, ನಿಮ್ಮ ಭಾವನ ಮೇಲೆ ಕಾರಿದೆ. ಒಂದು ಸೀನಿಗೋಸ್ಕರ, ಒಂದು ಹಾಸ್ಯದ ಸೀನಿಗೋಸ್ಕರ ನನ್ನವ್ವನಿಗೆ ಒಂದು ದಿನ ಕಾಯದೇ ಹೋದೆಯಲ್ಲೋ ಪಾಪಿ. ಇದನ್ನ ಕ್ಷಮಿಸ್ತೀನಿ ಅಂತ ನಾನು ಬರೀತಾ ಇಲ್ಲ. ಕ್ಷಮಿಸಿಲ್ಲ.

ಕೊನೆಗೆ ವಿಜಯನಗರಕ್ಕೆ ಹೋಗಿ ನಮ್ಮ ಮನೆ ಪೂಜೆ ಮಾಡಿಸೋ ರೇವಣಸಿದ್ದಯ್ಯನವರ ಮುಂದೆ ಎಲ್ಲ ಹೇಳಿದೆ. ಎಂಬತ್ತು ದಾಟಿದೆ ಅವರಿಗೆ. ಪೂರ್ತಿ ಕೇಳಿ, "ಲಿಂಗ ಇದೆಯಾ ತಾಯಿ?" ಅಂದರು. ಇದೆ ಅಂದೆ. "ಹಾಗಾದರೆ ಕೆಲಸ ಬಾಕಿ ಇದೆ, ಮುಗಿದಿಲ್ಲ. ಮಗ ಬರಬೇಕು" ಅಂದರು.

ನೀನು ಸುಮ್ಮನೆ ಬಂದು ನಿಂತರೆ ನಾನು ಬಾಗಿಲು ತೆಗೆಯಲ್ಲ. ಮೊದಲು ಇದನ್ನ ಮಾಡು. ಹದಿನೇಳನೇ ಸೀನಿನ ಬೆಂಕಿ ಆರಿಸು. ಕೃಷ್ಣಯ್ಯನವರಿಗೆ ಹೇಳಿ ಗುಂಡಿ ಮತ್ತೆ ತೋಡಿಸು. ರಾಮಕ್ಕನವರನ್ನ ಬೇರೆ ಯಾರೋ ಕೂರಿಸೋದಲ್ಲ, ನೀನೇ ಇಳಿದು ಕೂರಿಸು. ಬೆನ್ನು ಸರಿಯಾಗಿ ಒರಗಿದೆಯಾ ನೋಡು. ಎಡಗೈಗೆ ಹಣತೆ ಇಡು. ನಿನ್ನ ಮುಖ ತೋರಿಸೋದು ಬೇಡ, ಕೈ ಕಂಡರೆ ಸಾಕು. ಅವತ್ತು ನಿಲ್ಸಿ ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ. ಇವತ್ತು ನಾನಿದೀನಿ. ನಿಲ್ಸು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೃಷ್ಣಯ್ಯನವರಿಗೇ ಕಳಿಸಿದೀನಿ. ಈ ಒಂದು ಷರತ್ತು ಅದರಲ್ಲೇ ಬರೆದಿದೀನಿ. ರಾಜಕುಮಾರ ಮರ ಸುತ್ತಿಕೊಂಡು ಸಾಯಲಿ.

ಕಮಲಾಕ್ಷಿ

*

ಮದ್ರಾಸ್
9-1-1977

ಅಕ್ಕಾ,

ನಿನ್ನೆ ಆಯಿತು.

ಗುಂಡಿಯೊಳಗೆ ಇಳಿದು ರಾಮಕ್ಕನ್ನ ಹಿಡಕೊಂಡೆ. ರಾಮಕ್ಕ ಕಣ್ಣು ಮುಚ್ಚಿಕೊಂಡೇ, ತುಟಿ ಅಲ್ಲಾಡಿಸದೆ, "ಯಾಕಪ್ಪಾ ಹಿಂಗೆ ನಡುಗ್ತೀಯಾ? ಗಟ್ಟಿ ಹಿಡಿ, ಬಿದ್ದುಹೋಗ್ತೀನಿ" ಅಂದರು. ಗಟ್ಟಿ ಹಿಡಿದೆ. ಬೆನ್ನು ಒರಗಿಸಿದೆ. ಕೈಯಿಟ್ಟು ನೋಡಿದೆ, ಸರಿಯಾಗಿತ್ತು. ಎಡಗೈಗೆ ಹಣತೆ ಇಟ್ಟು ಬೆರಳು ಮಡಿಚಿದೆ. ಕ್ಯಾಮರಾಮನ್ ಇನ್ನೊಂದು ಟೇಕ್ ಬೇಕು ಅಂದರು, ನೆರಳು ಬಿದ್ದಿತ್ತಂತೆ. ಕೃಷ್ಣಯ್ಯನವರು ಬೇಡ ಅಂದರು.

ಮೇಲೆ ಬಂದು ನಾನು ಅತ್ತೆ ಅಕ್ಕಾ. ಲೈಟ್ ಬಾಯ್‌ಗಳ ಮುಂದೆ, ಎಲ್ಲರ ಮುಂದೆ. ರಾಮಕ್ಕ ಎದ್ದು ಬಂದು, ಸೀರೆಯ ಮಣ್ಣು ಕೊಡವಿಕೊಂಡು, "ನಮ್ಮ ಕಂಪನೀಲಿ ಇಪ್ಪತ್ತು ಸಲ ಸತ್ತಿದೀನಿ, ಒಬ್ಬನಾದರೂ ಹಿಂಗೆ ಅತ್ತಿರಲಿಲ್ಲ" ಅಂತ ತಲೆ ಸವರಿದರು.

ನಿನ್ನ ಬಾಗಿಲು ತೆಗೆಯೋದು ನಿನ್ನಿಷ್ಟ.

ಚನ್ನೂ

*

ರಾಜಾಜಿನಗರ
23-5-1977

ಚನ್ನೂ,

ಪಿಕ್ಚರ್ ನೋಡಿದೆ. ಶನಿವಾರ ಮ್ಯಾಟಿನಿ, ಮುನಿತಾಯಮ್ಮನ್ನೂ ಕರಕೊಂಡು ಹೋಗಿದ್ದೆ. ಎಂಥ ಕೆಟ್ಟ ಪಿಕ್ಚರ್ ಮಾಡಿದೀರೋ! ರಾಜಕುಮಾರನಿಗೆ ಹೊಟ್ಟೆ ಬಂದಿದೆ. ಮಾಂತ್ರಿಕನ ಗಡ್ಡ ಒಂದು ಕಡೆ ಕಿತ್ತು ನೇತಾಡ್ತಾ ಇದೆ. ಹುತ್ತದೂರಿನ ಜನ ಯಾಕೆ ಎಲ್ಲರೂ ಒಂದೇ ಬಣ್ಣದ ಲಂಗ ಹಾಕಿಕೊಂಡು ಕುಣೀತಾರೆ? ನಾನು ಮುಖ ಮುಚ್ಚಿಕೊಂಡು ಕೂತಿದ್ದೆ. ನಿನ್ನ ಹೆಸರು ಬಂದಾಗ ಮಾತ್ರ ಬೆರಳ ಸಂದಿಯಿಂದ ನೋಡಿದೆ. ದೊಡ್ಡದಾಗೇ ಹಾಕಿದಾರೆ.

ಆಮೇಲೆ ಆ ಸೀನು ಬಂತು. ಎರಡು ಕೈ. ಎಡಗೈಯ ಕಿರುಬೆರಳು ಸೊಟ್ಟ, ಚಿಕ್ಕಂದಿನಲ್ಲಿ ನಾನು ಬಾಗಿಲಿಗೆ ಸಿಗಿಸಿದ್ದು. ಬೇರೆ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಥಿಯೇಟರಿನಲ್ಲಿ ಯಾರೂ ನಗಲಿಲ್ಲ ಕಣೋ. ಒಂದು ಮಗು ಜೋರಾಗಿ, "ಅಜ್ಜಿಗೆ ಆರಾಮ ಆಯ್ತಾ ಅಮ್ಮಾ?" ಅಂತ ಕೇಳಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮುನಿತಾಯಮ್ಮ ನನ್ನ ಕೈ ಹಿಡಕೊಂಡು, "ಸರಿಯಾಗಿ ಕುಂಡ್ರಿಸವನೆ ಬಿಡವ್ವಾ" ಅಂದಳು. ಅವ್ವನ ವಿಷಯ ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಇವತ್ತು ಸೋಮವಾರ. ಎಂಟು ತಿಂಗಳ ಮೇಲೆ ಡಬ್ಬಿಗೆ ಹೂವು ಏರಿಸಿದೆ.

ಕೆಂಗೇರಿ ಆಚೆ ನಿಮ್ಮ ಭಾವನ ದೊಡ್ಡಪ್ಪನ ಹೊಲ ಇದೆಯಲ್ಲ, ಅವರ ಮನೆಯ ಹಿರಿಯರನ್ನೆಲ್ಲ ಕೂರಿಸಿರೋದು ಅಲ್ಲೇ. ಅವ್ವನ ಲಿಂಗಕ್ಕೆ ಬೇವಿನ ಮರದ ಪಕ್ಕ ಜಾಗ ಕೇಳಿದೀನಿ, ಒಪ್ಪಿದಾರೆ. ಬರೋ ಸೋಮವಾರ ರೇವಣಸಿದ್ದಯ್ಯನವರು ಬರ್ತಾರೆ. ಗುಂಡಿ ಯಾರ ಕೈಲೂ ತೋಡಿಸಿಲ್ಲ, ಅದು ನಿನ್ನ ಕೆಲಸ. ಬಾವಿಕಲ್ಲಿನ ಬುಡದ ಮಣ್ಣನ್ನೂ ಅದಕ್ಕೇ ಹಾಕೋಣ. ಅವ್ವ ಕೂತಿದ್ದ ಜಾಗದ್ದು ಅನ್ನೋದಂತೂ ನಿಜ ತಾನೇ?

ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಬಂದಾಗ ಇನ್ನೊಂದಿಷ್ಟು ಬೈತೀನಿ, ಅನ್ನಿಸಿಕೋ. ಊಟಕ್ಕೆ ಜೋಳದ ರೊಟ್ಟಿ ಮಾಡಿರ್ತೀನಿ. ಸೋಮವಾರದವರೆಗೂ ಅವ್ವನ ಜವಾಬ್ದಾರಿ ನಿನ್ನದು. ಕರಡಿಗೆಯನ್ನ ಪೆಟ್ಟಿಗೆಯಲ್ಲಿ ತುಂಬಿ ಸೀಟಿನ ಕೆಳಗೆ ತಳ್ಳಬೇಡ, ಅಂಗಿಯ ಎದೆ ಜೇಬಿನಲ್ಲಿ ಇಟ್ಟುಕೋ. ಸ್ಟೇಷನ್ನಿಗೆ ಬೇಗ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿ. ಯಾರು ಕೇಳಿದರೂ ಬಿಟ್ಟುಕೊಡಬೇಡ.

ನಿನ್ನ ಅಕ್ಕ,
ಕಮಲಾಕ್ಷಿ